ಜಾಲತಾಣವನ್ನು ವೆಬ್ ಡೈರೆಕ್ಟರಿಗಳಲ್ಲಿ ಸೇರ್ಪಡೆ ಮಾಡಿಸುವ ಕುರಿತು ಮಾಹಿತಿ (ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಅರ್ಜಿದಾರರಿಗೆ)

ಸ್ವಂತ ಜಾಲತಾಣವನ್ನು ಹೊಂದಿರುವ ಸಣ್ಣ ಉದ್ದಿಮೆದಾರರು, ರೈತ ಉತ್ಪಾದಕರ ಸಂಸ್ಥೆಗಳು, ಶಾಲೆಗಳು, ಸಂಘ-ಸಂಸ್ಥೆಗಳು ಹಾಗೂ ಅತಿಥಿಗೃಹಗಳನ್ನು ನಡೆಸುವವರು ತಮ್ಮ ಜಾಲತಾಣದ ವಿಳಾಸವನ್ನು ಅಂತರಜಾಲದ ಡೈರೆಕ್ಟರಿಗಳಲ್ಲಿ ಸೇರಿಸಲು ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಪೂರ್ಣವಾಗಿ ಓದಿಕೊಳ್ಳುವುದು ಒಳಿತು. ಒಮ್ಮೆ ತಪ್ಪಾಗಿ ದಾಖಲಾದ ವಿವರವನ್ನು ಸರಿಪಡಿಸುವುದು ಹೊಸದಾಗಿ ದಾಖಲಿಸುವುದಕ್ಕಿಂತ ಕಷ್ಟಕರವಾದುದು.

ಡೈರೆಕ್ಟರಿ ಎಂದರೇನು?

ವೆಬ್ ಡೈರೆಕ್ಟರಿಯು ಜಾಲತಾಣಗಳನ್ನು ವಿಷಯವಾರು ಮತ್ತು ಸ್ಥಳವಾರು ವಿಂಗಡಿಸಿ ಇಟ್ಟಿರುವ ಪಟ್ಟಿ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವರ್ಗೀಕರಿಸಿದಂತೆ ಇಲ್ಲಿ ದೇಶ, ರಾಜ್ಯ, ಊರು, ಅದರೊಳಗೆ ವ್ಯಾಪಾರ, ಶಿಕ್ಷಣ, ಪ್ರವಾಸ ಎಂಬ ಕ್ರಮದಲ್ಲಿ ವರ್ಗಗಳಿರುತ್ತವೆ. ಗೂಗಲ್‌ನಂತಹ ಶೋಧಕ ಯಂತ್ರವು ತಂತ್ರಾಂಶದ ಮೂಲಕ ತಾನಾಗಿಯೇ ಪುಟಗಳನ್ನು ಸಂಗ್ರಹಿಸುತ್ತದೆ. ಸಂಪಾದಿತ ಡೈರೆಕ್ಟರಿಯಲ್ಲಾದರೋ ಮನುಷ್ಯರೊಬ್ಬರು ಜಾಲತಾಣವನ್ನು ತೆರೆದು ನೋಡಿ, ಸೇರಿಸಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಮುಂದೆ ಹೇಳಲಾಗುವ ಸೂಚನೆಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಈಗ ಅಸ್ತಿತ್ವದಲ್ಲಿ ಇಲ್ಲದ ಡೈರೆಕ್ಟರಿಗಳು

1994ರಲ್ಲಿ ಇಬ್ಬರು ವಿದ್ಯಾರ್ಥಿಗಳ ಪಟ್ಟಿಯಾಗಿ ಆರಂಭವಾದ ಯಾಹೂ ಡೈರೆಕ್ಟರಿಯು ಬಹುಕಾಲ ಪ್ರಮುಖವಾಗಿತ್ತು. ವಾಣಿಜ್ಯ ಜಾಲತಾಣಗಳಿಗೆ ಅದು ವಾರ್ಷಿಕ 299 ಡಾಲರ್ ಶುಲ್ಕವನ್ನು ವಿಧಿಸುತ್ತಿತ್ತು. 2014ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಲಾಯಿತು. 1998ರಲ್ಲಿ ಆರಂಭವಾಗಿ ಸ್ವಯಂಸೇವಕ ಸಂಪಾದಕರಿಂದ ನಡೆಯುತ್ತಿದ್ದ ಓಪನ್ ಡೈರೆಕ್ಟರಿ ಪ್ರಾಜೆಕ್ಟ್, ಅಂದರೆ ಡಿಮಾಜ್, ಯಾವುದೇ ಶುಲ್ಕ ಪಡೆಯುತ್ತಿರಲಿಲ್ಲ. ಅದು 2017ರ ಮಾರ್ಚ್‌ನಲ್ಲಿ ಮುಚ್ಚಿತು. ಅದರ ದತ್ತಾಂಶವನ್ನೇ ಬಳಸುತ್ತಿದ್ದ ಗೂಗಲ್ ಡೈರೆಕ್ಟರಿಯು ಅದಕ್ಕೂ ಮುಂಚೆ, 2011ರಲ್ಲಿಯೇ ನಿಂತಿತ್ತು.

ಈ ಇತಿಹಾಸವನ್ನು ಇಲ್ಲಿ ಹೇಳಲು ಕಾರಣವಿದೆ. ಈ ಮೂರರಲ್ಲಿ ಯಾವುದಾದರೊಂದರಲ್ಲಿ ಹೆಸರು ಸೇರಿಸಿಕೊಡುತ್ತೇವೆಂದು ಯಾರಾದರೂ ಇಂದು ಹಣ ಕೇಳಿದಲ್ಲಿ, ಅವರು ಇಲ್ಲದ ವಸ್ತುವನ್ನು ಮಾರುತ್ತಿದ್ದಾರೆಂದೇ ತಿಳಿಯತಕ್ಕದ್ದು. ಡಿಮಾಜ್‌ನ ಹಿಂದಿನ ಸಂಪಾದಕರು ಮುಂದುವರಿಸಿಕೊಂಡು ಬಂದಿರುವ ಡೈರೆಕ್ಟರಿಯ ಹೆಸರು ಕರ್ಲಿ. ಅದರಲ್ಲಿ ಸೇರ್ಪಡೆಗೆ ಶುಲ್ಕವಿರುವುದಿಲ್ಲ.

ಊರಿನ ಹೆಸರು ಮತ್ತು ಜಿಲ್ಲೆಯ ನಮೂದು

ಈ ನಾಲ್ಕು ತಾಲ್ಲೂಕುಗಳ ಅರ್ಜಿದಾರರು ವಿಶೇಷ ಗಮನ ಕೊಡಬೇಕಾದುದು ಈ ಅಂಶಕ್ಕೆ. 2007ರಲ್ಲಿ ಕೋಲಾರ ಜಿಲ್ಲೆಯನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಅದಕ್ಕೂ ಮೊದಲು ತಯಾರಾದ ಪಟ್ಟಿಗಳಲ್ಲಿ, ಆ ಪಟ್ಟಿಗಳಿಂದ ನಕಲು ಮಾಡಿಕೊಂಡ ನಂತರದ ಪಟ್ಟಿಗಳಲ್ಲಿಯೂ, ಈ ಊರುಗಳು ಕೋಲಾರ ಜಿಲ್ಲೆಯ ಅಡಿಯಲ್ಲಿ ಉಳಿದುಕೊಂಡಿರುವುದುಂಟು. ಹಳೆಯ ನಮೂದು ಇದೆಯೇ ಎಂದು ಮೊದಲು ಕೋಲಾರದ ವರ್ಗದಲ್ಲಿ ಹುಡುಕಿ ನೋಡಿ, ಇದ್ದಲ್ಲಿ ಹೊಸ ಅರ್ಜಿಯ ಬದಲು ತಿದ್ದುಪಡಿ ಕೋರಿಕೆಯನ್ನು ಸಲ್ಲಿಸುವುದು ಸೂಕ್ತ. ಹಿಂದೆ ಗೌರಿಬಿದನೂರು ತಾಲ್ಲೂಕಿನಲ್ಲಿದ್ದ ಮಂಚೇನಹಳ್ಳಿಯು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಅಲ್ಲಿಯ ಅರ್ಜಿದಾರರು ಇದನ್ನೂ ಗಮನಿಸತಕ್ಕದ್ದು.

ಪಿನ್ ಕೋಡ್ ಆಧರಿಸಿ ಜಿಲ್ಲೆಯನ್ನು ತಾನಾಗಿಯೇ ತುಂಬುವ ಅರ್ಜಿ ನಮೂನೆಗಳಲ್ಲಿಯೂ ತಪ್ಪು ಸಂಭವಿಸಬಹುದು. ಗೌರಿಬಿದನೂರು 561208, ಚಿಕ್ಕಬಳ್ಳಾಪುರ 562101, ಶಿಡ್ಲಘಟ್ಟ 562105, ಚಿಂತಾಮಣಿ 563125. ಒಂದೇ ಜಿಲ್ಲೆಯ ನಾಲ್ಕು ಪಟ್ಟಣಗಳು ಮೂರು ಬೇರೆ ಬೇರೆ ಸರಣಿಗಳಲ್ಲಿವೆ. ಇವುಗಳಲ್ಲಿ 563 ಕೋಲಾರದ್ದೂ ಹೌದು. ಬೇರೆ ಜಿಲ್ಲೆಯ ದೊಡ್ಡಬಳ್ಳಾಪುರವು 561203. ಆದ್ದರಿಂದ ನಮೂನೆಯು ತಾನೇ ತುಂಬಿದ ಜಿಲ್ಲೆಯ ಹೆಸರನ್ನು ಪರಿಶೀಲಿಸದೆ ಮುಂದುವರಿಯಬಾರದು. ದೂರವಾಣಿಯ ಎಸ್‌ಟಿಡಿ ಸಂಕೇತಗಳೂ ಬೇರೆ ಬೇರೆ: ಚಿಂತಾಮಣಿ 08154, ಗೌರಿಬಿದನೂರು 08155, ಚಿಕ್ಕಬಳ್ಳಾಪುರ 08156, ಶಿಡ್ಲಘಟ್ಟ 08158.

ಇನ್ನು ಇಂಗ್ಲಿಷ್ ಕಾಗುಣಿತದ ವಿಚಾರ. ಚಿಕ್ಕಬಳ್ಳಾಪುರವನ್ನು ಒಂದು ಕೆ, ಎರಡು ಕೆ, ಸಿ ಮತ್ತು ಕೆ ಎಂದು ಮೂರು ಬಗೆಯಲ್ಲಿಯೂ, ಕೊನೆಯ ಅಕಾರವನ್ನು ಸೇರಿಸಿಯೂ ಬಿಟ್ಟೂ ಬರೆಯುವವರಿದ್ದಾರೆ. ಶಿಡ್ಲಘಟ್ಟದ ಮೊದಲಕ್ಷರ ಎಸ್ ಆದ ಮೇಲೆ ಎಚ್ ಬರುತ್ತದೆಯೋ ಇಲ್ಲವೋ ಎಂಬುದು ಫಲಕದಿಂದ ಫಲಕಕ್ಕೆ ಬದಲಾಗುತ್ತದೆ. ಗೌರಿಬಿದನೂರಿನಲ್ಲಿ ಯು ಇರುವ ಕಡೆ ಡಬ್ಲ್ಯೂ ಬರೆಯುವುದೂ ವಾಡಿಕೆ. ಬೆಂಗಳೂರು, ಮೈಸೂರು ಮುಂತಾದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು 2014ರ ನವೆಂಬರ್ 1ರಿಂದ ಬದಲಾಯಿಸಲಾಯಿತಾದರೂ ಆ ಪಟ್ಟಿಯಲ್ಲಿ ಈ ನಾಲ್ಕು ಊರುಗಳಿರಲಿಲ್ಲ. ಅರ್ಜಿದಾರರು ಡೈರೆಕ್ಟರಿಯು ತನ್ನ ವರ್ಗದ ಹೆಸರಿನಲ್ಲಿ ಬಳಸಿರುವ ಕಾಗುಣಿತವನ್ನೇ ಅರ್ಜಿಯಲ್ಲಿ ಬಳಸಿ, ಉಳಿದ ರೂಪಗಳನ್ನು ತಮ್ಮ ಜಾಲತಾಣದ ಸಂಪರ್ಕ ಪುಟದಲ್ಲಿ ಒಮ್ಮೆ ನಮೂದಿಸುವುದು ಅನುಕೂಲ. ತೀರ ಭಿನ್ನವಾದ ವಿಳಾಸಗಳು ನಾಲ್ಕು ಕಡೆ ದಾಖಲಾದರೆ ಒಂದೇ ಅಂಗಡಿಯು ನಾಲ್ಕು ಅಂಗಡಿಗಳಂತೆ ತೋರುತ್ತದೆ.

ಹೊರಗಿನ ಓದುಗರ ಗೊಂದಲವನ್ನೂ ಮರೆಯಬಾರದು. ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರ ಒಂದೇ ಎಂದು ಭಾವಿಸುವವರಿದ್ದಾರೆ. ಗೌರಿಬಿದನೂರು ಆಂಧ್ರಪ್ರದೇಶದ ಹಿಂದೂಪುರಕ್ಕೆ ಸಮೀಪವಿರುವುದರಿಂದ ಅಲ್ಲಿಯ ಪಟ್ಟಿಗೆ ಸೇರಿಹೋಗುವ ಸಾಧ್ಯತೆಯಿದೆ. ನಂದಿಬೆಟ್ಟದ ಸುತ್ತಲಿನ ಅತಿಥಿಗೃಹಗಳನ್ನು ಬೆಂಗಳೂರಿನ ವರ್ಗದಲ್ಲಿ ಹಾಕುವ ಆಸೆ ಮಾಲೀಕರಿಗೇ ಇರುವುದುಂಟು. ಬೆಟ್ಟವು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸಂಪಾದಕರು ವಿಳಾಸವನ್ನು ನೋಡಿದ ಕೂಡಲೇ ಅಂತಹ ಅರ್ಜಿಯನ್ನು ಬದಿಗಿಡುವ ಸಂಭವವೇ ಹೆಚ್ಚು.

ಜಾಲತಾಣದ ಸಿದ್ಧತೆ

ಅರ್ಜಿ ಸಲ್ಲಿಸುವ ವೇಳೆಗೆ ಜಾಲತಾಣವು ಪೂರ್ಣಗೊಂಡಿರಬೇಕು. "ಪುಟ ನಿರ್ಮಾಣ ಹಂತದಲ್ಲಿದೆ" ಎಂಬ ಬರಹವುಳ್ಳ ತಾಣಗಳನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಸಂಸ್ಥೆಯ ಹೆಸರು, ಅಂಚೆ ವಿಳಾಸ, ದೂರವಾಣಿ, ಏನು ಕೆಲಸ ನಡೆಯುತ್ತದೆ ಎಂಬ ವಿವರ, ಇವು ಮುಖಪುಟದಿಂದಲೇ ದೊರೆಯುವಂತಿರಲಿ.

ಕನ್ನಡ ಬರಹವು ಯೂನಿಕೋಡ್‌ನಲ್ಲಿರುವುದು ಅವಶ್ಯ. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸಗಳನ್ನು ಬಳಸಿ ತಯಾರಿಸಿದ ಪುಟಗಳು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಸಂಪಾದಕರಿಗೆ ಕಾಣುವುದೂ ಅದೇ. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿವೆ. ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಿನಿಂದಲೇ ಒಮ್ಮೆ ಪರಿಶೀಲಿಸುವುದು ಕ್ಷೇಮ. ಡಾಟ್ ಭಾರತ ಎಂಬ ಕನ್ನಡ ಲಿಪಿಯ ವಿಳಾಸವನ್ನು ಪಡೆದಿರುವವರು, ಅರ್ಜಿ ನಮೂನೆಯು ಕನ್ನಡ ಅಕ್ಷರಗಳನ್ನು ಸ್ವೀಕರಿಸದಿದ್ದಲ್ಲಿ, ಎಕ್ಸ್ ಎನ್ ಎಂಬ ಅಕ್ಷರಗಳಿಂದ ಆರಂಭವಾಗುವ ಅದರ ಸಮಾನ ರೂಪವನ್ನು ನೀಡಬಹುದು.

ವಿಳಾಸವು ಯಾರ ಹೆಸರಿನಲ್ಲಿದೆ?

ಡೈರೆಕ್ಟರಿಗೆ ಹೋಗುವ ಮೊದಲು ಈ ಪ್ರಶ್ನೆಗೆ ಉತ್ತರ ದೊರೆಯಬೇಕು. ಡಾಟ್ ಇನ್ ವಿಳಾಸಗಳು 2005ರ ಜನವರಿಯಿಂದ ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುತ್ತಿದ್ದು, ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸಂಸ್ಥೆಯ ಮಾನ್ಯತೆ ಪಡೆದ ನೋಂದಣಿದಾರರ ಮೂಲಕ ಅವುಗಳನ್ನು ಪಡೆಯಬಹುದು. ಹಲವು ಸಣ್ಣ ಉದ್ದಿಮೆದಾರರು ಈ ಕೆಲಸವನ್ನು ಜಾಲತಾಣ ತಯಾರಿಸಿಕೊಡುವವರಿಗೇ ಒಪ್ಪಿಸುತ್ತಾರೆ. ಅವರು ತಮ್ಮ ಹೆಸರು ಮತ್ತು ತಮ್ಮ ಇ-ಮೇಲ್ ನೀಡಿ ನೋಂದಾಯಿಸಿದರೆ ದಾಖಲೆಯ ಪ್ರಕಾರ ವಿಳಾಸದ ಒಡೆಯರು ಅವರೇ. ಮುಂದೆ ಮನಸ್ತಾಪವಾದರೆ, ಅಥವಾ ಅವರು ಊರು ಬಿಟ್ಟು ಹೋಗಿ ನವೀಕರಣ ಶುಲ್ಕ ಪಾವತಿಯಾಗದಿದ್ದರೆ, ವಿಳಾಸವು ಅವಧಿ ಮೀರಿ ಬೇರೆಯವರ ಪಾಲಾಗುತ್ತದೆ. ಆಗ ಡೈರೆಕ್ಟರಿಗಳಲ್ಲಿ, ಬಿಲ್ಲು ಪುಸ್ತಕದಲ್ಲಿ, ಫಲಕದಲ್ಲಿ ಇರುವ ಅದೇ ವಿಳಾಸವು ಗ್ರಾಹಕರನ್ನು ಅಪರಿಚಿತರ ಪುಟಕ್ಕೆ ಕರೆದೊಯ್ಯುತ್ತದೆ. ಹತ್ತು ವರ್ಷದ ಹೆಸರು ಒಂದು ನವೀಕರಣದ ಮೊತ್ತಕ್ಕೆ ಹೋಗುವುದು ದೊಡ್ಡ ನಷ್ಟವೇ ಸರಿ.

ಆದುದರಿಂದ ನೋಂದಣಿಯು ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲಿ, ಅವರೇ ನೋಡುವ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯೊಂದಿಗೆ ಇರತಕ್ಕದ್ದು. ಬಳಕೆದಾರರ ಹೆಸರು, ಪ್ರವೇಶಪದ ಮತ್ತು ಪಾವತಿ ರಸೀದಿಯನ್ನು ತಯಾರಕರಿಂದ ಪಡೆದು ಕಾಯ್ದಿರಿಸಿಕೊಳ್ಳಬೇಕು.

ವರ್ಗದ ಆಯ್ಕೆ ಮತ್ತು ವಿವರಣೆ

ಸ್ಥಳೀಯ ಗ್ರಾಹಕರಿಗೆ ಮಾತ್ರ ಸೇವೆ ನೀಡುವ ಸಂಸ್ಥೆಯು ಊರಿನ ವರ್ಗದಲ್ಲಿಯೂ, ದೂರದ ಖರೀದಿದಾರರೊಂದಿಗೆ ವ್ಯವಹರಿಸುವ ಸಂಸ್ಥೆಯು ವಿಷಯದ ವರ್ಗದಲ್ಲಿಯೂ ಸ್ಥಾನ ಕೇಳುವುದು ಯುಕ್ತ. ಚಿಂತಾಮಣಿಯ ಟ್ಯೂಷನ್ ಕೇಂದ್ರಕ್ಕೆ ಚಿಂತಾಮಣಿಯೇ ಸರಿಯಾದ ಜಾಗ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಕ್ಕೆ ಜವಳಿ ಮತ್ತು ರೇಷ್ಮೆಯ ವರ್ಗವು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಕಚ್ಚಾ ರೇಷ್ಮೆಯನ್ನು ಹುಡುಕುವ ನೇಕಾರನು ಊರಿನ ಹೆಸರಿನಿಂದ ಹುಡುಕುವುದಿಲ್ಲ. ಮೇಲ್ಮಟ್ಟದ ವರ್ಗದಲ್ಲಿ ಅರ್ಜಿ ಸಲ್ಲಿಸದೆ, ಸಾಧ್ಯವಾದಷ್ಟು ಒಳಗಿನ ಉಪವರ್ಗಕ್ಕೆ ಹೋಗಿ ಅಲ್ಲಿಂದಲೇ ಸಲ್ಲಿಸಬೇಕು.

ವಿವರಣೆಯು ಒಂದೆರಡು ವಾಕ್ಯಗಳಲ್ಲಿ, ಜಾಹೀರಾತಿನ ಧಾಟಿಯಿಲ್ಲದೆ ಇರಬೇಕು. "ರಾಜ್ಯದಲ್ಲೇ ನಂಬರ್ ಒನ್, ಅತ್ಯುತ್ತಮ ಗುಣಮಟ್ಟ, ಒಮ್ಮೆ ಭೇಟಿ ಕೊಡಿ" ಎಂಬ ವಿವರಣೆಯಿಂದ ಸಂಪಾದಕರಿಗೆ ಏನೂ ತಿಳಿಯುವುದಿಲ್ಲ. "ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಕಚ್ಚಾ ರೇಷ್ಮೆಯ ಬಗೆಗಳು, ಮಾದರಿ ಪಡೆಯುವ ಕ್ರಮ ಮತ್ತು ಸಂಪರ್ಕ ವಿವರಗಳಿವೆ" ಎಂದು ಬರೆದರೆ ಸಾಕು. ಶೀರ್ಷಿಕೆಯ ಜಾಗದಲ್ಲಿ ಸಂಸ್ಥೆಯ ನಿಜವಾದ ಹೆಸರನ್ನು ಮಾತ್ರ ಬರೆಯತಕ್ಕದ್ದು.

ಒಮ್ಮೆ ಸಲ್ಲಿಸಿದ ಮೇಲೆ ಕಾಯಬೇಕಾಗುತ್ತದೆ. ಸ್ವಯಂಸೇವಕರು ನಡೆಸುವ ಡೈರೆಕ್ಟರಿಗಳಲ್ಲಿ ಕಾಲಮಿತಿಯ ಭರವಸೆ ಇರುವುದಿಲ್ಲ. ಸೇರಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ವಾರಕ್ಕೊಮ್ಮೆ ಅದೇ ಅರ್ಜಿಯನ್ನು ಮತ್ತೆ ಮತ್ತೆ ಕಳುಹಿಸುವುದರಿಂದ ಸರದಿಯು ಬೇಗ ಬರುವುದಿಲ್ಲ.

ಸರ್ಕಾರಿ ಸಂಸ್ಥೆಗಳಿಗೆ

ಸರ್ಕಾರಿ ಜಾಲತಾಣಗಳಿಗಾಗಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ನಿರ್ವಹಿಸುವ ಇಂಟಿಗ್ರೇಟೆಡ್ ಗವರ್ನ್‌ಮೆಂಟ್ ಆನ್‌ಲೈನ್ ಡೈರೆಕ್ಟರಿ ಎಂಬ ಪ್ರತ್ಯೇಕ ಡೈರೆಕ್ಟರಿ ಇದೆ. ಖಾಸಗಿ ಸಂಸ್ಥೆಗಳಿಗೆ ಅದರಲ್ಲಿ ಅವಕಾಶವಿಲ್ಲ. ಖಾಸಗಿ ಜಾಲತಾಣಗಳಲ್ಲಿ ರಾಷ್ಟ್ರ ಲಾಂಛನವನ್ನು ಬಳಸುವುದನ್ನು 2005ರ ಕಾಯ್ದೆಯು ನಿಷೇಧಿಸಿದೆ ಎಂಬುದನ್ನೂ ಇಲ್ಲಿಯೇ ತಿಳಿಸುವುದು ಉಚಿತ.

ನಕ್ಷೆಯ ಮೇಲಿನ ದಾಖಲೆ

ಅಂಗಡಿ, ಹೋಟೆಲು, ಚಿಕಿತ್ಸಾಲಯಗಳಂತಹ ಸ್ಥಳೀಯ ಸೇವೆಗಳಿಗೆ ಇಂದು ಹಳೆಯ ಮಾದರಿಯ ಡೈರೆಕ್ಟರಿಗಿಂತ ನಕ್ಷೆ ಆಧಾರಿತ ದಾಖಲೆಯೇ ಹೆಚ್ಚು ಉಪಯುಕ್ತ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಹೆಸರು, ವಿಳಾಸ, ವೇಳೆ ಮತ್ತು ಜಾಲತಾಣವನ್ನು ಉಚಿತವಾಗಿ ದಾಖಲಿಸಬಹುದು. ಮಾಲೀಕತ್ವದ ಪರಿಶೀಲನೆ ನಡೆದ ನಂತರ ಅದು ಪ್ರಕಟವಾಗುತ್ತದೆ. ಈ ಸೇವೆಯೊಂದಿಗೆ ಹಿಂದೆ ಉಚಿತವಾಗಿ ದೊರೆಯುತ್ತಿದ್ದ ಒಂದು ಪುಟದ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಗಿದೆ. ಬಿಸಿನೆಸ್ ಡಾಟ್ ಸೈಟ್ ಎಂದು ಕೊನೆಗೊಳ್ಳುವ ಅಂತಹ ವಿಳಾಸವನ್ನು ಬೇರೆ ಡೈರೆಕ್ಟರಿಗಳಿಗೆ ಕೊಟ್ಟಿದ್ದವರು ಅದನ್ನು ಬದಲಾಯಿಸತಕ್ಕದ್ದು. ನಿಮ್ಮ ಅಂಗಡಿಯನ್ನು ಬೇರಾರೋ ಈಗಾಗಲೇ ದಾಖಲಿಸಿ ತಮ್ಮ ಮೊಬೈಲ್ ಸಂಖ್ಯೆಯನ್ನು ಹಾಕಿದ್ದರೆ, ಮಾಲೀಕತ್ವವನ್ನು ಕೋರುವ ಅವಕಾಶ ಅದೇ ಪುಟದಲ್ಲಿರುತ್ತದೆ. ತಡಮಾಡದೆ ಅದನ್ನು ಬಳಸಿಕೊಳ್ಳಬೇಕು. ಅಲ್ಲಿಯವರೆಗೆ ನಿಮಗೆ ಬರಬೇಕಾದ ಕರೆಗಳು ಅವರಿಗೆ ಹೋಗುತ್ತಿರುತ್ತವೆ.

ಶುಲ್ಕ ಮತ್ತು ವಂಚನೆ

ಹಣ ಪಡೆದು ಜಾಹೀರಾತು ಪ್ರಕಟಿಸುವ ಖಾಸಗಿ ಡೈರೆಕ್ಟರಿಗಳು ಇವೆ; ಅದು ಕಾನೂನುಬದ್ಧ ವ್ಯವಹಾರವೇ. ಪಾವತಿಸುವ ಮುನ್ನ ಅವಧಿ, ತಾನಾಗಿ ನವೀಕರಣವಾಗುವ ಷರತ್ತು ಮತ್ತು ರದ್ದತಿಯ ನಿಯಮಗಳನ್ನು ಬರಹದಲ್ಲಿ ಪಡೆಯಬೇಕು. ಆದರೆ "ಐನೂರು ಡೈರೆಕ್ಟರಿಗಳಲ್ಲಿ ಒಂದೇ ದಿನದಲ್ಲಿ ಸೇರ್ಪಡೆ" ಎಂಬ ಕೊಡುಗೆಗಳಿಂದ ದೂರವಿರುವುದು ಲೇಸು. ಕಳಪೆ ಡೈರೆಕ್ಟರಿಗಳಿಂದ ಬರುವ ಕೊಂಡಿಗಳನ್ನು ಗೂಗಲ್ ತನ್ನ ನಿಯಮಗಳಲ್ಲಿಯೇ ಸ್ಪ್ಯಾಮ್ ಎಂದು ಹೆಸರಿಸಿದ್ದು, ಹಣ ಕೊಟ್ಟು ಹಾನಿಯನ್ನು ತಂದುಕೊಂಡಂತಾಗುತ್ತದೆ.

ನವೀಕರಣದ ಬಿಲ್ಲಿನಂತೆ ಕಾಣುವ, ವಾಸ್ತವದಲ್ಲಿ ಯಾವುದೋ ಡೈರೆಕ್ಟರಿಯ ಜಾಹೀರಾತಾದ ಇ-ಮೇಲ್‌ಗಳೂ ಬರುತ್ತವೆ. ನವೀಕರಣ ಶುಲ್ಕವನ್ನು ನಿಮ್ಮ ನೋಂದಣಿದಾರರಿಗೆ ಮಾತ್ರ, ಅವರ ಜಾಲತಾಣಕ್ಕೆ ನೀವೇ ಹೋಗಿ ಪಾವತಿಸತಕ್ಕದ್ದು. ದೂರವಾಣಿಯಲ್ಲಿ ಒಟಿಪಿ ಕೇಳುವವರಿಗೆ, ಮೊಬೈಲಿನಲ್ಲಿ ಪರದೆ ಹಂಚಿಕೊಳ್ಳುವ ತಂತ್ರಾಂಶವನ್ನು ಹಾಕಿಕೊಳ್ಳಲು ಹೇಳುವವರಿಗೆ ಯಾವುದೇ ಮಾಹಿತಿಯನ್ನು ನೀಡಬಾರದು. ಹಣ ಕಳೆದುಕೊಂಡಲ್ಲಿ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಣ ಪಡೆದು ಒಪ್ಪಿದ ಸೇವೆ ನೀಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.

ಸೇರ್ಪಡೆಯ ನಂತರ

ಯಾವ ಯಾವ ಡೈರೆಕ್ಟರಿಯಲ್ಲಿ, ಯಾವ ದಿನಾಂಕದಂದು, ಯಾವ ಇ-ಮೇಲ್‌ನಿಂದ ಅರ್ಜಿ ಸಲ್ಲಿಸಲಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದೂರವಾಣಿ ಬದಲಾದಾಗ, ಅಂಗಡಿ ಸ್ಥಳಾಂತರಗೊಂಡಾಗ ಅಥವಾ ವ್ಯವಹಾರ ನಿಂತಾಗ ಎಲ್ಲ ಕಡೆಯೂ ತಿದ್ದುಪಡಿ ಮಾಡಿಸಲು ಆ ಪುಟವೇ ಆಧಾರ.