ಸವಳು ನೆಲದ ಕಬ್ಬಿಣ

ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ತುಕ್ಕಿಗೆ ಜಂಗು ಎಂಬ ಹೆಸರೂ ಉಂಟು. ಲೋಹಗಳ ಈ ಎರಡು ಬೇನೆಗಳನ್ನು ಬೇರೆ ಬೇರೆ ಹೆಸರಿನಿಂದ ಕರೆದ ನಮ್ಮ ಹಿರಿಯರ ಕಣ್ಣು ಸೂಕ್ಷ್ಮವಾದದ್ದೇ ಸರಿ. ತಾಮ್ರದ ಮೇಲೆ ಕೂಡುವ ಹಸಿರು ಪೊರೆ ಲೋಹಕ್ಕೆ ಅಂಟಿಕೊಂಡು, ತಕ್ಕಮಟ್ಟಿಗೆ ಅದಕ್ಕೆ ಹೊದಿಕೆಯೂ ಆಗುತ್ತದೆ. ಕಬ್ಬಿಣದ ತುಕ್ಕಾದರೋ, ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುತ್ತದೆ. ಉಬ್ಬಿ, ಪದರುಪದರಾಗಿ ಕಳಚಿ, ಒಳಗಿನ ಹೊಸ ಕಬ್ಬಿಣವನ್ನು ಗಾಳಿ ನೀರುಗಳಿಗೆ ಒಡ್ಡಿಬಿಡುತ್ತದೆ. ಕಬ್ಬಿಣ ಮುಗಿಯುವವರೆಗೂ ತುಕ್ಕಿಗೆ ಕೆಲಸ ತಪ್ಪುವುದಿಲ್ಲ.

ಇಂದು ಚಿಕ್ಕೋಡಿ ತಾಲೂಕಿನ ಕಬ್ಬೂರ ಮತ್ತು ಅದರ ನೆರೆಯ ಊರುಗಳಲ್ಲಿ ಕಬ್ಬಿಣದ ದೊಡ್ಡ ಆಸ್ತಿಯೆಂದರೆ ಗಾಡಿಗಳು. ಚಳಿಗಾಲವೆಂದರೆ ಅಲ್ಲಿ ಕಬ್ಬು ನುರಿಸುವ ಹಂಗಾಮು. ಟ್ರ್ಯಾಕ್ಟರು, ಲಾರಿಗಳು ಕಬ್ಬು ಹೊತ್ತರೆ, ಗೊಬ್ಬರ, ಬೀಜದ ಕಬ್ಬು, ಬೆಲ್ಲ, ಕಾಯಿಪಲ್ಲೆಗಳ ಭಾರ ಪಿಕಪ್ ಗಾಡಿಯ ಪಾಲಿಗೆ. ಆ ಭಾರವನ್ನೆಲ್ಲ ಕಣ್ಣಿಗೆ ಬೀಳದೆ ಹೊರುವುದು ಅದರ ಬೆನ್ನೆಲುಬಾದ ಚಾಸಿ. ಮೈಯ ತಗಡು ತೂತಾದರೆ ಗಾಡಿಯ ಅಂದ ಕೆಡುತ್ತದೆ. ಚಾಸಿ ತಿಂದುಹೋದರೆ ಮೇಲೆ ಕುಳಿತವರ ಜೀವಕ್ಕೇ ಸಂಚಕಾರ. ಈ ಬೆನ್ನೆಲುಬನ್ನು ಚಳಿಗಾಲದಲ್ಲಿ ಕಾಪಾಡುವ ಬಗೆಯನ್ನು ತಿಳಿಯಬೇಕಾದರೆ, ಈ ನೆಲದಲ್ಲಿ ಕಬ್ಬಿಣ ನಡೆದುಬಂದ ದಾರಿಯನ್ನು ಒಮ್ಮೆ ನೋಡಬೇಕಾಗುತ್ತದೆ.

ನಮ್ಮ ಎರೆಹೊಲಗಳಲ್ಲಿ ಬಹುಕಾಲ ಉತ್ತದ್ದು ಮರದ ನೇಗಿಲು. ಅದರ ಮೊನೆಗೆ ಮಾತ್ರ ಕಬ್ಬಿಣದ ಕುಳ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಪೂರ್ತಿ ಕಬ್ಬಿಣದ ನೇಗಿಲನ್ನು ಎರಕ ಹೊಯ್ದು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಮುಟ್ಟಲು ಹಿಂಜರಿದರು. ಆ ಅಂಜಿಕೆ ಕರಗಲು ಕಾಲ ಹಿಡಿಯಿತು. 1910ರಲ್ಲಿ ಕಾರ್ಖಾನೆ ಔಂಧ ಸಂಸ್ಥಾನದ ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ನೇಗಿಲು ಮಾತ್ರ ಊರೂರಿಗೂ ಬಂದಿತು. ಭೂಮಿಗೆ ಕಬ್ಬಿಣದಿಂದ ಕೇಡೆಂದು ಅಂದಿನವರು ಅಂಜಿದ್ದರು. ಮುಂದೆ ಕೇಡು ಬಂದದ್ದು ಭೂಮಿಯಿಂದ ಕಬ್ಬಿಣಕ್ಕೆ.

ನೇಗಿಲಿನ ಕಬ್ಬಿಣವನ್ನು ಕಾಯುವುದು ಕಷ್ಟವಿರಲಿಲ್ಲ. ಉಳುವಾಗ ಮಣ್ಣೇ ಅದನ್ನು ಉಜ್ಜಿ ಕನ್ನಡಿಯಂತೆ ಹೊಳೆಯಿಸುತ್ತಿತ್ತು. ಮೂಲೆಗೆ ಇಡುವ ಮುನ್ನ ಮಣ್ಣು ಕೆರೆದು ಎಣ್ಣೆ ಸವರಿದರೆ ಸಾಕು. ಮಳೆಗಾಲ ಹಿಂದಾಗುವ ಹೊತ್ತಿಗೆ ಮಹಾನವಮಿಯ ಖಂಡೇಪೂಜೆ ಬರುತ್ತಿತ್ತು. ಆ ದಿನ ಕುಡಗೋಲು, ಕೊಡಲಿ, ಕುಳ, ಬಂಡಿಯ ಗಾಲಿಯ ಕಬ್ಬಿಣದ ಪಟ್ಟಿ ಎಲ್ಲವೂ ತೊಳೆದು ಒರೆಸಿಕೊಂಡು ಪೂಜೆಗೆ ಸಿದ್ಧವಾಗಬೇಕು. ದೇವರ ಹೆಸರಿನಲ್ಲಿ ವರ್ಷಕ್ಕೊಮ್ಮೆಯಾದರೂ ಮನೆಯ ಪ್ರತಿಯೊಂದು ಕಬ್ಬಿಣದ ಮೇಲೂ ಮನುಷ್ಯನ ಕೈಯಾಡುತ್ತಿತ್ತು. ಪಿಕಪ್ ಗಾಡಿಗೂ ಇಂದು ಹೂಮಾಲೆ, ಕುಂಕುಮ, ನಿಂಬೆಹಣ್ಣುಗಳ ಸೇವೆ ನಡೆಯುತ್ತದೆ. ಆದರೆ ಪೂಜೆ ಸಲ್ಲುವುದು ಮುಖಕ್ಕೆ. ಹೊಟ್ಟೆಯಡಿಯ ಚಾಸಿಯ ಮೇಲೆ ಯಾರ ಕೈಯೂ ಆಡುವುದಿಲ್ಲ.

ತುಕ್ಕು ಹಿಡಿಯದ ಕಬ್ಬಿಣವನ್ನು ನಮ್ಮವರೇ ಮಾಡಿರಲಿಲ್ಲವೇ ಎಂದು ಕೇಳುವವರುಂಟು. ದಿಲ್ಲಿಯ ಮೆಹ್ರೌಲಿಯ ಕಂಬ ಸುಮಾರು 1600 ವರ್ಷಗಳಿಂದ ಬಯಲಲ್ಲಿ ನಿಂತಿದೆ. ನಮ್ಮ ನಾಡಿನ ಕೊಡಚಾದ್ರಿಯಲ್ಲಿಯೂ, ಅಷ್ಟೊಂದು ಮಳೆ ಸುರಿಯುವ ಬೆಟ್ಟದ ಮೇಲೆ, ಮೂಕಾಂಬಿಕೆಯ ಗುಡಿಯ ಬಳಿ ಕಬ್ಬಿಣದ ಕಂಬವೊಂದಿದೆ; ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅವರು 1999ರಲ್ಲಿ ಅದನ್ನು ಕುರಿತು ಬರೆದರು. ದಿಲ್ಲಿಯ ಕಂಬದ ಗುಟ್ಟನ್ನು ಕಾನ್ಪುರದ ಆರ್. ಬಾಲಸುಬ್ರಮಣಿಯಂ ಅವರು ಬಿಡಿಸಿ ಹೇಳಿದರು. ಇದ್ದಲಿನಲ್ಲಿ ಕಾಸಿ ತೆಗೆದ ಆ ಕಬ್ಬಿಣದಲ್ಲಿ ನೂರಕ್ಕೆ ಕಾಲು ಭಾಗದಷ್ಟು ರಂಜಕ ಉಳಿದಿದೆ. ಅದರ ಬಲದಿಂದ ಮೈಮೇಲೆ ಗಟ್ಟಿಯಾದ ತೆಳುಪೊರೆಯೊಂದು ಕಟ್ಟಿಕೊಂಡಿದೆ. ಆದರೆ ರಂಜಕ ಹೆಚ್ಚಿದರೆ ಉಕ್ಕು ಪೆಡಸಾಗುತ್ತದೆ. ತಗ್ಗುದಿಣ್ಣೆಗಳಲ್ಲಿ ಬಾಗಿ ಬಳುಕಬೇಕಾದ ಚಾಸಿಗೆ ಅದು ಸಲ್ಲದು. ಹಾಗಾಗಿ ಈಗಿನ ಉಕ್ಕಿನಲ್ಲಿ ರಂಜಕವನ್ನು ಬೇಕೆಂದೇ ತೆಗೆದಿರುತ್ತಾರೆ. ಆ ಕಂಬಗಳು ನಮ್ಮ ಹೆಮ್ಮೆಗೆ ಕಾರಣವಾಗಬಹುದು, ನಮ್ಮ ಗಾಡಿಗೆ ಮಾದರಿಯಾಗಲಾರವು.

ಗಾಡಿಯ ತುಕ್ಕಿನ ಕಥೆ ಎಲ್ಲಕ್ಕಿಂತ ಘೋರವಾಗಿ ನಡೆದದ್ದು ಶೀತದೇಶಗಳಲ್ಲಿ. ಫೋರ್ಡ್ ಕಂಪನಿ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿದ ಪಿಕಪ್ಪನ್ನು 1925ರಲ್ಲಿ ಮಾರಾಟಕ್ಕೆ ತಂದಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ರೂಢಿ ಬೇರೂರಿತು. ಹಿಮ ಕರಗಿತು, ಉಪ್ಪುನೀರು ಗಾಡಿಗಳ ಅಡಿಗೆ ಸಿಡಿಯಿತು. ನೀರಿಗೆ ಉಪ್ಪು ಬೆರೆತರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತುಕ್ಕಿನ ಕ್ರಿಯೆ ಬಿರುಸಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಲೋಹದ ರಕ್ಷಣೆಯ ಪೊರೆಯನ್ನೂ ಒಡೆಯುತ್ತದೆ. ಚಾಸಿ ತುಕ್ಕು ಹಿಡಿಯಿತೆಂಬ ವ್ಯಾಜ್ಯದಲ್ಲಿ 2016ರಲ್ಲಿ ಟೊಯೋಟಾ ಕಂಪನಿ ಅಮೆರಿಕದ ಸುಮಾರು 15 ಲಕ್ಷ ಗಾಡಿಗಳಿಗಾಗಿ 340 ಕೋಟಿ ಡಾಲರುಗಳವರೆಗಿನ ರಾಜಿಗೆ ಒಪ್ಪಬೇಕಾಯಿತು. ಬರಿಯ ಉಪ್ಪಿಗೆ ಇಷ್ಟು ಬೆಲೆ.

ಹಿಮವಿಲ್ಲದ ಕಬ್ಬೂರಿಗೆ ಈ ಮಾತೇಕೆ ಎನ್ನಬೇಡಿ. ನಮ್ಮ ರಸ್ತೆಗಳಿಗೆ ಯಾರೂ ಉಪ್ಪು ಚೆಲ್ಲುವುದಿಲ್ಲ, ನಿಜ. ಆದರೆ ಉಪ್ಪು ಬೇರೆ ಬಾಗಿಲಿನಿಂದ ಬಂದಿದೆ. 1897ರಲ್ಲಿ ಗೋಕಾಕದ ಬಳಿ ಧೂಪದಾಳದ ಒಡ್ಡು ಮುಗಿದು ಘಟಪ್ರಭೆಯ ನೀರು ಕಾಲುವೆಗೆ ಹರಿಯಿತು. ಮುಂದೆ ಹಿಡಕಲ್ ಜಲಾಶಯ ಬಂದಿತು. ಕೃಷ್ಣೆಯ ದಂಡೆಗಳಲ್ಲಿ ನೀರೆತ್ತುವ ಪಂಪುಗಳು ಬಂದವು. ಜೋಳದ ನೆಲ ಕಬ್ಬಿನ ನೆಲವಾಯಿತು. ಬಸಿದುಹೋಗಲು ದಾರಿಯಿಲ್ಲದ ನೀರು ಎರೆಯ ಆಳದಲ್ಲಿದ್ದ ಉಪ್ಪನ್ನು ಮೇಲಕ್ಕೆ ತಂದಿತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಎಷ್ಟೋ ಹೊಲಗಳು ಸವಳು ಬಿದ್ದವು. ಬಿಳಿ ಹೊಪ್ಪಳೆ ಕಟ್ಟಿದ ಆ ಸವಳು ಮಣ್ಣು ಚಕ್ರದೊಡನೆ ಎದ್ದು ಚಾಸಿಯ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ. ಹಿಂದೆಯೇ ಗೊಬ್ಬರವುಂಟು. ಹೊಲಕ್ಕೆ ಹಾಕುವ ಕೆಂಪು ಪೊಟ್ಯಾಶು ಬಹುಪಾಲು ಪೊಟ್ಯಾಸಿಯಂ ಕ್ಲೋರೈಡೇ. ಅಮೆರಿಕದ ರಸ್ತೆಯ ಉಪ್ಪಿಗೆ ಅದು ತೀರ ಹತ್ತಿರದ ನೆಂಟ. ಹರಿದ ಚೀಲದಿಂದ ಸೋರಿದ ಕಾಳುಗಳು ಗಾಡಿಯ ಹಲಗೆಯ ಬಿರುಕಿನಲ್ಲಿಳಿದು ಚಾಸಿಯ ಮೇಲೆ ಕೂಡುತ್ತವೆ. ಕಬ್ಬಿನಿಂದ ತೊಟ್ಟಿಕ್ಕಿದ ರಸ ಹುಳಿಯಾಗಿ ಆಮ್ಲವಾಗುತ್ತದೆ.

ಚಳಿಗಾಲದಲ್ಲಿ ಮಳೆಯಿಲ್ಲವಲ್ಲ, ತೇವ ಎಲ್ಲಿಂದ ಬಂತು? ಮಳೆಗಾಲದಲ್ಲಿ ಉಪ್ಪಿನ ಗಡಿಗೆ ತಾನಾಗಿ ನೀರಾಡುವುದನ್ನು ಕಂಡವರಿಗೆ ಉತ್ತರ ತಿಳಿದೇ ಇದೆ. ಗಾಳಿಯ ತೇವ ನೂರಕ್ಕೆ 75ರ ಸುಮಾರಿಗೆ ಏರಿದರೆ ಅಡುಗೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಇಬ್ಬನಿ ಬೀಳುವ ನಸುಕಿನಲ್ಲಿ ಅಷ್ಟು ತೇವ ಅಪರೂಪವಲ್ಲ. ಮಣ್ಣು ಮೆತ್ತಿದ ಮೂಲೆಯಲ್ಲಂತೂ ಬಿಸಿಲೇರಿದರೂ ಪಸೆ ಆರುವುದಿಲ್ಲ.

ಉಪಾಯಗಳು ಹಳೆಯವೇ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ. ಅದಕ್ಕೆ ಸೀಸದ ಸಿಂಧೂರ ಬೆರೆಸಿ ಬಳಿದ ಬಣ್ಣ ಬಹುಕಾಲ ಸೇತುವೆಗಳನ್ನು ಕಾಯಿತು. ಸೀಸ ವಿಷವೆಂದು ಮೇಲೆ ಅದು ಹಿಂದೆ ಸರಿಯಿತು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕ್ರಮಕ್ಕೆ ಪೇಟೆಂಟ್ ಪಡೆದ. ಅಲ್ಲಿ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಯಾವ ಲೇಪವೂ ಕೊಳೆಯ ಮೇಲೆ ನಿಲ್ಲದು. ಮೊದಲು ಗಾಡಿಯ ಅಡಿಯನ್ನು ಸಿಹಿನೀರಿನಿಂದ ತೊಳೆಯಬೇಕು. ಸವಳು ಬಾವಿಯ ನೀರು ಬೇಡ. ಚಾಸಿಯ ಟೊಳ್ಳಿನಲ್ಲಿ ನೀರು ಬಸಿಯಲು ಬಿಟ್ಟ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಬಿಡಿಸಬೇಕು. ಪೂರ್ತಿ ಒಣಗಿದ ಮೇಲೆ ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ರೆಡ್ ಆಕ್ಸೈಡು, ಅದರ ಮೇಲೆ ಬಣ್ಣ ಬಳಿಯಬೇಕು; ಟೊಳ್ಳಿನೊಳಗೆ ಮೇಣ ಬೆರೆತ ಎಣ್ಣೆಯನ್ನು ಸಿಂಪಡಿಸಬೇಕು. ಇಂಜಿನ್ನಿನಿಂದ ತೆಗೆದ ಸುಟ್ಟ ಆಯಿಲನ್ನು ಬಳಿಯುವ ವಾಡಿಕೆಯೂ ಉಂಟು. ಅದು ಕೆಲವು ದಿನ ತಡೆದೀತು, ಆದರೆ ರಬ್ಬರನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ಹೊಲವನ್ನೂ ಹೊಲಸು ಮಾಡುತ್ತದೆ.

ಇದನ್ನು ಮಾಡಬೇಕಾದ ಕಾಲ ಎರಡು: ಹಂಗಾಮಿಗೆ ಮುಂಚೆ ಒಮ್ಮೆ, ಹಂಗಾಮು ಮುಗಿದು ಮಳೆ ಬರುವ ಮೊದಲು ಇನ್ನೊಮ್ಮೆ. ನಡುವೆ ಗೊಬ್ಬರ ಹೇರಿದ ದಿನ ಸಂಜೆಯೇ ತೊಳೆದುಬಿಡುವುದು ಲೇಸು. ಖಂಡೇಪೂಜೆ ಹಂಗಾಮಿನ ಹೊಸ್ತಿಲಲ್ಲಿಯೇ ಬರುವುದರಿಂದ ಮೊದಲನೆಯದಕ್ಕೆ ಬೇರೆ ಮುಹೂರ್ತವನ್ನು ಹುಡುಕಬೇಕಾಗಿಲ್ಲ. ಅಂದು ಗಾಡಿಯ ಮುಖಕ್ಕೆ ಮಾಲೆ ಹಾಕುವ ಮುನ್ನ ಒಮ್ಮೆ ಬಗ್ಗಿ ಅದರ ಅಡಿಯನ್ನು ನೋಡಿದರೆ, ಪೂಜೆ ಪೂರ್ತಿಯಾದಂತಾಯಿತು.