ತೆಳು ಮೈಯ ಸಕ್ಕರೆ: ಯಾದಗಿರಿ ಸೀಮೆಯಲ್ಲಿ ಗಡ್ಡೆ ಕ್ಯಾನ್ಸರಿನ ಚಿಕಿತ್ಸೆ ಮತ್ತು ಚಯಾಪಚಯ

ಚಯಾಪಚಯಕ್ಕೂ ಕ್ಯಾನ್ಸರಿಗೂ ಇರುವ ನಂಟಿನ ಚರ್ಚೆ ಸಾಮಾನ್ಯವಾಗಿ ಬೊಜ್ಜಿನಿಂದಲೇ ಶುರುವಾಗುತ್ತದೆ. ಮೈಯ ಹೆಚ್ಚುವರಿ ಕೊಬ್ಬಿನೊಂದಿಗೆ ಸಂಬಂಧವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಗುರುತಿಸಿದ 13 ಕ್ಯಾನ್ಸರುಗಳಲ್ಲಿ ಮುಟ್ಟು ನಿಂತ ಮೇಲೆ ಬರುವ ಸ್ತನದ ಕ್ಯಾನ್ಸರ್ ಇದೆ, ದೊಡ್ಡ ಕರುಳಿನದು ಇದೆ. ಬಾಯಿಯದು ಇಲ್ಲ, ಗರ್ಭಕಂಠದ್ದೂ ಇಲ್ಲ. ಕಲ್ಯಾಣ ಕರ್ನಾಟಕದ ವೈದ್ಯರಿಗೆ ಮತ್ತೆ ಮತ್ತೆ ಎದುರಾಗುವ ಗಡ್ಡೆಗಳೇ ಪಟ್ಟಿಯ ಹೊರಗಿವೆ. ಒಂದಕ್ಕೆ ಮುಖ್ಯ ಕಾರಣ ಗುಟ್ಕಾ, ತಂಬಾಕು. ಇನ್ನೊಂದಕ್ಕೆ ಪ್ಯಾಪಿಲೋಮಾ ವೈರಸ್. ಹಾಗಾದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಚಯಾಪಚಯದ ಮಾತೇ ಬೇಡವೆ? ಬೇಕು ಎಂಬುದು ಈ ಲೇಖನದ ವಾದ. ಇಲ್ಲಿ ನಂಟು ಬಿಗಿಯಾಗಿರುವುದು ಗಡ್ಡೆ ಹುಟ್ಟುವ ಕಡೆಗಿಂತ ಅದನ್ನು ಕರಗಿಸುವ ಕಡೆ. ತೂಕದ ಯಂತ್ರದ ಒಂದು ಅಂಕಿಯಲ್ಲಿ ಆ ನಂಟು ಕಾಣುವುದಿಲ್ಲ.

ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಮೈಯ ಲೆಕ್ಕ ಮುಂದಿಟ್ಟರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನೋಡಲು ತೆಳ್ಳಗೆ, ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು: ಸಕ್ಕರೆ ಕಾಯಿಲೆಗೆ ಹದವಾದ ಮೈ. ಗರ್ಭದಲ್ಲೇ ಪೋಷಣೆ ಕುಂದಿದ ಮಗು ಇಂಥ ಮೈ ಹೊತ್ತು ಬೆಳೆಯುವ ಸಾಧ್ಯತೆ ಹೆಚ್ಚು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇನ್ನೊಂದು ಕಡೆ ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬಂದ ಹೊಲಗಳಲ್ಲಿ ಜೋಳದ ಜಾಗಕ್ಕೆ ಭತ್ತ ಬಂತು. 2013ರಿಂದ ಅನ್ನಭಾಗ್ಯದ ಅಕ್ಕಿಯೂ ಮನೆ ಸೇರಿತು. ಹಸಿವು ತಗ್ಗಿಸಿದ ಅಕ್ಕಿಯನ್ನು ನಾನು ಹಳಿಯಲಾರೆ. ಆದರೆ ರೊಟ್ಟಿ ಹಿಂದೆ ಸರಿದಾಗ ಅದರ ಜೊತೆಗಿದ್ದ ಕಾಳು, ಪುಂಡಿ ಪಲ್ಯ, ಶೇಂಗಾ ಹಿಂಡಿಯೂ ತಟ್ಟೆಯಲ್ಲಿ ಕಿರಿದಾದವು.

ಈ ಮೈಗೆ ಚಿಕಿತ್ಸೆ ಶುರುವಾದಾಗ ಏನಾಗುತ್ತದೆ? ಮುಂದುವರಿದ ಬಾಯಿ, ಗರ್ಭಕಂಠದ ಗಡ್ಡೆಗಳಿಗೆ ವಿಕಿರಣದ ಜೊತೆ ಕೀಮೋ ಔಷಧಿ ಸಿಸ್‌ಪ್ಲಾಟಿನ್ ಕೊಡುವುದು ರೂಢಿ. ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಕೂಡ ಹೋಗುತ್ತದೆ. ಈ ಸ್ಟಿರಾಯ್ಡ್ ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುತ್ತದೆ, ಸ್ನಾಯುಗಳಲ್ಲಿ ಇನ್ಸುಲಿನ್ನಿನ ಪ್ರಭಾವ ಕುಗ್ಗಿಸುತ್ತದೆ. ಬೆಳಿಗ್ಗೆ ಕೊಟ್ಟರೆ ಸಕ್ಕರೆ ಏರುವುದು ಮಧ್ಯಾಹ್ನದ ಊಟದ ಬಳಿಕ. ಮರುದಿನ ನಸುಕಿಗೆ ಬಹುಮಟ್ಟಿಗೆ ಇಳಿದಿರುತ್ತದೆ. ನಾವು ಕೇಳುವುದು ಖಾಲಿ ಹೊಟ್ಟೆಯ ರಕ್ತವನ್ನು. ಬರುವ ಉತ್ತರ ‘ನಾರ್ಮಲ್’. ಅಷ್ಟರಲ್ಲಿ ಬಿಳಿ ರಕ್ತಕಣ ಕುಸಿದ ರೋಗಿಗೆ ಸೋಂಕು ತಗಲುತ್ತದೆ, ಬಾಯಿಯ ಹುಣ್ಣು ಮಾಯುವುದಿಲ್ಲ. ಸಿಸ್‌ಪ್ಲಾಟಿನ್ನೇ ಮೂತ್ರಪಿಂಡಕ್ಕೆ ಕಷ್ಟ ಕೊಡುವ ಔಷಧಿ. ಹಳೆಯ ಸಕ್ಕರೆ ಕಾಯಿಲೆ ಅದನ್ನು ಮೊದಲೇ ದಣಿಸಿದ್ದರೆ ತೊಂದರೆ ಇಮ್ಮಡಿ.

ಸ್ನಾಯುವಿನ ಲೆಕ್ಕ ಇನ್ನೂ ನವಿರು. ಸಿಸ್‌ಪ್ಲಾಟಿನ್ ಬಳಗದ್ದೇ ಔಷಧಿಯಾದ ಕಾರ್ಬೋಪ್ಲಾಟಿನ್ ಪ್ರಮಾಣವನ್ನು 1989ರ ಕ್ಯಾಲ್ವರ್ಟ್ ಸೂತ್ರದಂತೆ ಮೂತ್ರಪಿಂಡದ ಸೋಸುವ ವೇಗದಿಂದ ನಿರ್ಧರಿಸುತ್ತಾರೆ. ಆ ವೇಗವನ್ನು ಅಂದಾಜಿಸುವುದು ರಕ್ತದ ಕ್ರಿಯಾಟಿನಿನ್‌ನಿಂದ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಸವೆದ ಹೆಂಗಸಿನ ಕ್ರಿಯಾಟಿನಿನ್ ಸಹಜವಾಗಿಯೇ ಕಡಿಮೆ. ಸೂತ್ರ ಅದನ್ನು ಗಟ್ಟಿ ಮೂತ್ರಪಿಂಡವೆಂದು ಓದಿ, ಔಷಧಿಯನ್ನು ಹೆಚ್ಚಿಸುತ್ತದೆ. ಬಡತನವೇ ಇಲ್ಲಿ ಆರೋಗ್ಯದ ವೇಷ ಹಾಕಿ ಬರುತ್ತದೆ.

ಗಡ್ಡೆಯ ಜೀವಕೋಶ ಗ್ಲೂಕೋಸನ್ನು ಅತಿಯಾಗಿ ಕಬಳಿಸುತ್ತದೆಂದು ಆಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಪೆಟ್ ಸ್ಕ್ಯಾನ್ ನಿಂತಿರುವುದು ಈ ಗುಣದ ಮೇಲೆಯೇ. ಇದೇ ಮಾತು ಊರಿಗೆ ಬರುವಾಗ ‘ಸಕ್ಕರೆ ತಿಂದರೆ ಗಡ್ಡೆ ಬೆಳೀತದ’ ಎಂದಾಗಿ, ರೋಗಿಯ ಊಟವನ್ನೇ ಕಿತ್ತುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ಕ್ಯಾನ್ಸರನ್ನೂ ತಡೆದೀತೆಂಬ ಆಸೆಯೂ ಹೀಗೆಯೇ ಹಬ್ಬಿತ್ತು. ಸಕ್ಕರೆ ಕಾಯಿಲೆಯಿಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು: ಮುಖ್ಯ ಗುಂಪಿನಲ್ಲಿ ರೋಗ ಮರುಕಳಿಸುವುದನ್ನು ಅದು ತಗ್ಗಿಸಲಿಲ್ಲ. ಸಕ್ಕರೆ ಇದ್ದವರಿಗೆ ಅದು ಸಕ್ಕರೆಯ ಔಷಧಿ, ಅಷ್ಟೆ.

ಬೇಕಾದದ್ದು ಪ್ರೋಟೀನ್. ಕ್ಯಾನ್ಸರ್ ರೋಗಿಗೆ ದಿನಕ್ಕೆ ತೂಕದ ಕಿಲೋಗೆ 1ರಿಂದ 1.5 ಗ್ರಾಂ ಎಂಬುದು ಯುರೋಪಿನ ಪೋಷಣಾ ತಜ್ಞರ ಸಲಹೆ. 42 ಕಿಲೋ ತೂಗುವ ಹೆಂಗಸಿಗೆ 42ರಿಂದ 63 ಗ್ರಾಂ. 200 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 20, 75 ಗ್ರಾಂ ತೊಗರಿ ಬೇಳೆಯಲ್ಲಿ 16, ಒಂದು ಹಿಡಿ ಶೇಂಗಾದಲ್ಲಿ 10, ಎರಡು ತತ್ತಿಯಲ್ಲಿ 12: ಲೆಕ್ಕ ಊರಲ್ಲೇ ಮುಗಿಯುತ್ತದೆ. ವಿಕಿರಣದಿಂದ ಬಾಯಿ ಬೆಂದವರಿಗೆ ರೊಟ್ಟಿ ನುಂಗಲಾಗದು. ಅವರಿಗೆ ಜೋಳದ ನುಚ್ಚು, ಬೇಳೆ ಕಟ್ಟು, ಅಂಬಲಿಗೆ ಕಲಸಿದ ಶೇಂಗಾ ಪುಡಿ ಆದೀತು. ಆಸ್ಪತ್ರೆಗೆ ನೋಡಲು ಬಂದವರು ತರುವ ಗ್ಲೂಕೋಸ್ ಡಬ್ಬಿ, ಬಿಸ್ಕತ್ತು ಸಕ್ಕರೆ ಏರಿಸಬಲ್ಲವೇ ಹೊರತು ಸ್ನಾಯು ಉಳಿಸಲಾರವು.

ಸೋಜಿಗವೆಂದರೆ, ಸರಕಾರದ ಕಾಗದದಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎರಡೂ 2010ರಿಂದಲೇ ಜೊತೆಗಿವೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದವರ ಸಕ್ಕರೆ, ರಕ್ತದೊತ್ತಡ, ಬಾಯಿ, ಸ್ತನ, ಗರ್ಭಕಂಠ ಎಲ್ಲದರ ತಪಾಸಣೆ ಒಂದೇ ಕಡೆ. ಗಡ್ಡೆ ಪತ್ತೆಯಾದ ಮೇಲೆ ದಾರಿ ಕವಲೊಡೆಯುತ್ತದೆ: ಸಕ್ಕರೆಯ ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ, ಗಡ್ಡೆಯ ಚಿಕಿತ್ಸೆ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲೋ ಬೆಂಗಳೂರಲ್ಲೋ. ಯಾದಗಿರಿಗೆ ರೈಲಿದೆ, ಶಹಾಪುರ, ಸುರಪುರದವರಿಗೆ ಬಸ್ಸೇ ಗತಿ. ನಡುವೆ ಗುಳೆ ಹೋಗುವ ಕಾಲ ಬಂದರೆ ಎರಡು ಚೀಟಿಯೂ ಒಂದೇ ಚೀಲದಲ್ಲಿ ಬೆಂಗಳೂರೋ ಪುಣೆಯೋ ಸೇರುತ್ತವೆ, ಒಂದನ್ನೊಂದು ಓದದೆ. ಸುರಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ಕೀಮೋ ಕೊಡಬೇಕಿಲ್ಲ. ಕೀಮೋ ಮುಗಿಸಿ ಬಂದವರ ಸಕ್ಕರೆಯನ್ನು ಊಟವಾಗಿ ಎರಡು ಗಂಟೆಗೆ ನೋಡಿ, ಆರು ತಿಂಗಳ ಹಿಂದಿನ ತೂಕವನ್ನು ಕೇಳಿ, ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಕ್ಯಾನ್ಸರ್ ಚೀಟಿಯ ಬೆನ್ನಿಗೇ ಬರೆದು ಕಳಿಸಬಹುದು. ಅದಕ್ಕೆ ಬೇಕಾದ ಗ್ಲೂಕೋಮೀಟರೂ ತಕ್ಕಡಿಯೂ ಅಲ್ಲಿವೆ.