ಎಲೆ ಉದುರುವ ಮೊದಲೇ ಬಿದ್ದ ಹಿಮ

ಅಮೆರಿಕದ ಬಫಲೋ ನಗರದಲ್ಲಿ ಹಿಮ ಸುದ್ದಿಯೇ ಅಲ್ಲ. ಮಲೆನಾಡಿನವಳಾದ ನನಗೆ ಮಳೆ ಹೇಗೋ ಇಲ್ಲಿನವರಿಗೆ ಹಿಮ ಹಾಗೆ. ಆದರೆ 2006ರ ಅಕ್ಟೋಬರ್ 12–13ರ ಹಿಮದ ಮಾತೆತ್ತಿದರೆ ನೆರೆಯ ಅಜ್ಜಂದಿರು ಈಗಲೂ ತಲೆ ಕೊಡವುತ್ತಾರೆ.

ಊರಿನ ಪಕ್ಕದ ಈರಿ ಸರೋವರದ ನೀರು ಆಗ ಇನ್ನೂ ಸುಮಾರು 17 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿತ್ತು. ಅದರ ಮೇಲೆ ಕೆನಡಾದ ಶೀತಗಾಳಿ ಹಾದಾಗ ಆವಿ ಮೇಲೇರಿ, ಮೋಡ ಕಟ್ಟಿ, ಗುಡುಗು ಮಿಂಚಿನೊಡನೆ ಹಿಮ ಸುರಿಯಿತು. ವಿಮಾನ ನಿಲ್ದಾಣದಲ್ಲಿ 22.6 ಇಂಚು! ಜನವರಿಯಾಗಿದ್ದರೆ ಸಲಿಕೆ ಹಿಡಿದು ಮುಗಿಸುತ್ತಿದ್ದರು. ಆದರೆ ಆಗಿನ್ನೂ ಮೇಪಲ್ ಮರಗಳ ತುಂಬ ಎಲೆ. ಒದ್ದೆ ಹಿಮ ಎಲೆಎಲೆಗೂ ಅಂಟಿ, ಕೊಂಬೆಗಳು ತಂತಿಗಳ ಮೇಲೆ ಮುರಿದುಬಿದ್ದು, ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ಕರೆಂಟು ಮರಳಿತು ಬಿಡಿ. ಆದರೆ ಉದ್ಯಾನ ವಿನ್ಯಾಸಕ ಓಮ್‌ಸ್ಟೆಡ್ 19ನೇ ಶತಮಾನದಲ್ಲಿ ರೂಪಿಸಿದ ಇಲ್ಲಿನ ಪಾರ್ಕುಗಳ ಎಷ್ಟೋ ಹಳೆಯ ಮರಗಳು ಮರಳಲಿಲ್ಲ. ಊರವರೇ ಸೇರಿ ವರ್ಷಗಟ್ಟಲೆ ಸಸಿ ನೆಟ್ಟರು.